ನೋಡ್ತೀವಿ ಅಂತಾರಮ್ಮ

"ಮುಂದಿನವರು ಬನ್ನಿ" ಎಂದು ಕರೆದಾಗ ಎದ್ದು ನಿಂತವಳು ತನ್ನ ಅವ್ವ ಯಲ್ಲಕ್ಕನೇ ಎಂದು ಕಂಡು, ವೇದಿಕೆಯ ಮೇಲಿದ್ದ ಕೀರ್ತನಾ ಬೆಚ್ಚಿದಳು. ಸಭೆ ನೋಡಲು ಬರುತ್ತೇನೆ ಎಂದಿದ್ದಳೇ ಹೊರತು ಮಾತಾಡುತ್ತೇನೆ ಎಂದು ಅವ್ವ ಹೇಳಿರಲಿಲ್ಲ.

ಹಿರಿಯೂರಿನ ಕಲ್ಯಾಣಮಂಟಪದಲ್ಲಿ ಬೆಳಗಿನಿಂದ ಅಹವಾಲು ಸಭೆ ನಡೆದಿತ್ತು. ಕರೇಕಲ್ ಕಾವಲು ಎಂಬ ಹುಲ್ಲುಗಾವಲಿನಲ್ಲಿರುವ ಅಣುಕೇಂದ್ರವನ್ನು ಇನ್ನಷ್ಟು ದೊಡ್ಡದು ಮಾಡಲು ಸರ್ಕಾರ ಹೊರಟಿತ್ತು. ಅದಕ್ಕೆ ಮೊದಲು ಸುತ್ತಲಿನ ಹಳ್ಳಿಯವರನ್ನು ಒಂದು ಮಾತು ಕೇಳಬೇಕಿತ್ತು. ದೆಹಲಿಯಿಂದ ಬಂದಿದ್ದ ಹಿರಿಯ ಅಧಿಕಾರಿಗೆ ಕನ್ನಡ ಬಾರದು. ಹಾಗಾಗಿ ಚಿತ್ರದುರ್ಗದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದ ಕೀರ್ತನಾಳನ್ನು ಅನುವಾದಕ್ಕೆ ಕರೆಸಿದ್ದರು. ಅವಳು ಅದೇ ಕಾವಲಿನ ಅಂಚಿನ ಕುರಿಹಟ್ಟಿಯವಳು. ಯಾವ ಊರು ಎಂದು ಅವರು ಕೇಳಿರಲಿಲ್ಲ. ಇವಳೂ ಹೇಳಿರಲಿಲ್ಲ.

ಅಲ್ಲಿಯವರೆಗೆ ಕೆಲಸ ಸುಲಭವಾಗಿಯೇ ಇತ್ತು. ಹಟ್ಟಿಯ ಹಿರಿಯ ಕೆಂಚಣ್ಣ ಎದ್ದು, "ಒಳಗೆ ಅಣುಬಾಂಬಿನ ಸಾಮಾನು ಮಾಡ್ತೀರಂತೆ, ಹೌದಾ?" ಎಂದು ಕೇಳಿದ್ದ. ಅದು ದೇಶದ ಭದ್ರತೆಗೆ ಸೇರಿದ್ದು, ಇಲ್ಲಿ ಹೇಳಲು ಬರುವುದಿಲ್ಲ ಎಂದು ಅಧಿಕಾರಿ ಉತ್ತರಿಸಿದ್ದರು. "ಏನು ಮಾಡ್ತೀರಿ ಅಂತ ಹೇಳಾಕಿಲ್ಲ. ಬೇಕಾ ಬ್ಯಾಡ್ವಾ ಅಂತ ಮಾತ್ರ ಕೇಳ್ತೀರಿ" ಎಂದು ಕೆಂಚಣ್ಣ ಗೊಣಗಿಕೊಂಡು ಕೂತಿದ್ದ. ಎರಡನ್ನೂ ಕೀರ್ತನಾ ಒಂದು ಪದವೂ ಆಚೀಚೆಯಾಗದಂತೆ ತಿರುಗಿಸಿದ್ದಳು.

ಯಲ್ಲಕ್ಕ ಸೆರಗು ಹೊದ್ದು ಮೈಕಿನ ಮುಂದೆ ನಿಂತಳು. ಮಗಳ ಕಡೆ ನೋಡಲಿಲ್ಲ.

"ನಾನು ಬಾಂಬಿನ ವಿಚಾರ ಕೇಳಾಕೆ ಬಂದಿಲ್ಲ ಸ್ವಾಮಿ. ನನ್ನ ಗಂಡ ಮಂಜಣ್ಣ ಆ ಕಾವಲಾಗೆ ಕುರಿ ಮೇಸುವಾಗ ಸಿಡ್ಲು ಬಡ್ದು ಸತ್ತ. ಬಿದ್ದ ಜಾಗದಾಗೇ ಮಣ್ಣು ಮಾಡಿದ್ವಿ, ಮೂಡಗಡೆ ಇಳಿಜಾರಿನಾಗೆ. ನೀವು ಗೋಡೆ ಕಟ್ಟಿದ ಮ್ಯಾಲೆ ಒಳಗೆ ಬಿಡಂಗಿಲ್ಲ. ಹೊರಗೇ ಎಡೆ ಇಟ್ಟು ಬರ್ತೀನಿ. ಗೋಡೆಗೆ ಕೈ ಮುಗಿದಂಗೆ ಆಗ್ತೈತೆ. ವರ್ಷಕ್ಕೊಂದು ಸಲ, ಹಿರೇರ ಹಬ್ಬದ ದಿನ, ಗೇಟು ತೆಗೀರಿ. ಅಷ್ಟು ಮಾಡಲ್ಲ ಅಂದ್ರೆ ನಂದು ಬ್ಯಾಡ ಅಂತ ಬರ್ಕಳ್ರಿ."

ಕೀರ್ತನಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಈಕೆಯ ಗಂಡ, ಈಕೆಯ ಗಂಡನ ಸಮಾಧಿ ಎಂದೇ ಹೇಳಿದಳು. ನನ್ನ ಅಪ್ಪ ಎನ್ನಲು ನಾಲಿಗೆ ಹೊರಳಲಿಲ್ಲ.

ಅಧಿಕಾರಿ ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು. ಪಕ್ಕದಲ್ಲಿದ್ದ ಎಂಜಿನಿಯರ್ ಜೊತೆ ನಕ್ಷೆ ಹರಡಿ, ಬೆರಳಿಟ್ಟು ಏನೋ ವಿಚಾರಿಸಿದರು. ಆಮೇಲೆ ಮೈಕು ಸರಿಸಿ, ತಗ್ಗಿದ ದನಿಯಲ್ಲಿ ಕೀರ್ತನಾಳಿಗೆ ಇಂಗ್ಲಿಷಿನಲ್ಲಿ ಹೇಳಿದರು: "ಆ ಇಳಿಜಾರು ಈಗಿಲ್ಲಮ್ಮ. ಮೊದಲ ಹಂತದಲ್ಲೇ ಸಿಡಿಸಿ ಆಳಕ್ಕೆ ಅಗೆದಾಗಿದೆ. ಅಲ್ಲಿ ಏನೂ ಉಳಿದಿಲ್ಲ. ಒಳಗೆ ಬಿಡಲು ಸಾಧ್ಯವೇ ಇಲ್ಲ. ಆಕೆಗೆ ಸ್ವಲ್ಪ ಮೆಲ್ಲಗೆ ತಿಳಿಸಿ."

ಕೀರ್ತನಾ ಅವ್ವನ ಕಡೆ ತಿರುಗಿದಳು. ಅಪ್ಪನನ್ನು ಮಣ್ಣು ಮಾಡಿದ ಗುಡ್ಡೆಯ ಮೇಲೆ ಹೇರಿದ್ದ ಕಲ್ಲುಗಳಲ್ಲಿ ಕೆಲವನ್ನು ಪುಟ್ಟ ಕೈಯಲ್ಲಿ ಅವಳೇ ತಂದು ಇಟ್ಟಿದ್ದಳು. ಮಂಟಪದ ತುಂಬ ಜನ ಅವಳ ಬಾಯನ್ನೇ ನೋಡುತ್ತಿದ್ದರು. ಯಲ್ಲಕ್ಕ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಏನಂತಾರೆ ಮಗ?"

"ನೋಡ್ತೀವಿ ಅಂತಾರಮ್ಮ."

ವೇದಿಕೆಯ ತುದಿಯಲ್ಲಿದ್ದ ತಾಲ್ಲೂಕಿನ ಅಧಿಕಾರಿಯೊಬ್ಬರು ಥಟ್ಟನೆ ತಲೆಯೆತ್ತಿದರು. ಅವರಿಗೆ ಎರಡೂ ಭಾಷೆ ಬರುತ್ತಿತ್ತು. ಕೀರ್ತನಾಳನ್ನು ಒಮ್ಮೆ ನೋಡಿ, ಮತ್ತೆ ಮೊಬೈಲಿನ ಮೇಲೆ ಬಗ್ಗಿದರು.

"ಬಿಡ್ತಾರಂತಾ?" ಯಲ್ಲಕ್ಕನ ಮುಖ ಅರಳಿತು. "ಅವರ ಹೊಟ್ಟೆ ತಣ್ಣಗಿರಲಿ. ಹಂಗಾರೆ ನಂದೇನೂ ತಕರಾರಿಲ್ಲ ಅಂತ ಹೇಳವ್ವ. ದೊಡ್ಡದು ಮಾಡ್ಲಿ, ಏನಾರ ಮಾಡ್ಕಳ್ಳಿ."

ಅವಳು ದೆಹಲಿಯ ಅಧಿಕಾರಿಗೆ ಕೈ ಮುಗಿದಳು. ಅವರೂ ಅರ್ಧ ಎದ್ದು ಕೈ ಮುಗಿದರು. "ಏನೆಂದರು?" ಎಂದು ಕೀರ್ತನಾಳನ್ನು ಕೇಳಿದರು.

ಈಗಲೂ ಹೇಳಬಹುದಿತ್ತು. ನಾನು ತಪ್ಪು ಹೇಳಿದೆ, ನಿಲ್ಲಿ ಎನ್ನಬಹುದಿತ್ತು. ಕೀರ್ತನಾ ಬಾಯಿ ತೆರೆದಳು. ಕೆಳಗೆ ಅವ್ವ ನಗುತ್ತ ನಿಂತಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಕೀರ್ತನಾ ನೋಡಿರಲಿಲ್ಲ.

"ತಕರಾರಿಲ್ಲವಂತೆ" ಎಂದಳು ಇಂಗ್ಲಿಷಿನಲ್ಲಿ. ಮೂಲೆಯಲ್ಲಿದ್ದ ಗುಮಾಸ್ತ ಅದನ್ನು ಟೈಪ್ ಮಾಡಿಕೊಂಡ.

"ಯಲ್ಲಕ್ಕನೇ ಒಪ್ಕಂಡ ಮ್ಯಾಲೆ ನಮ್ದೇನೈತೆ" ಎಂದ ಕೆಂಚಣ್ಣ. ಅವನ ಹಿಂದೆ ಮಾತಾಡಲು ಎದ್ದು ನಿಂತಿದ್ದ ನಾಲ್ಕಾರು ಜನ ಒಬ್ಬೊಬ್ಬರಾಗಿ ಕುಳಿತರು. ಊಟಕ್ಕೆ ಮುಂಚೆಯೇ ಸಭೆ ಮುಗಿಯಿತು.

ಊರಿಗೆ ಹೋಗುವ ಐಮಂಗಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ಯಲ್ಲಕ್ಕ ಮಗಳ ಕೈ ಹಿಡಿದು ಬಸ್ ನಿಲ್ದಾಣದ ಎದುರಿನ ಬಟ್ಟೆ ಅಂಗಡಿಗೆ ಎಳೆದುಕೊಂಡು ಹೋದಳು. "ಗೋಡೆ ಹೊರಗೆ ಇಡೋದಕ್ಕೆ ಹಳೇದು ನಡೀತಿತ್ತು. ಈ ಸಲ ನಿಮ್ಮಪ್ಪನ ಹತ್ರಕ್ಕೇ ಹೋಗ್ತೀವಿ. ಹೊಸಾ ಪಂಚೆ ಇಡಾಣ" ಎಂದಳು. ಅಂಗಡಿಯವನು ಒಂದರ ಮೇಲೊಂದು ಪಂಚೆ ಬಿಚ್ಚಿ ಹಾಕಿದ. ಯಲ್ಲಕ್ಕ ಎರಡನ್ನು ಎತ್ತಿ ಬೆಳಕಿಗೆ ಹಿಡಿದಳು.

"ಕೆಂಪು ಅಂಚಿಂದು ತಗಳಾನಾ, ಹಸಿರಿಂದಾ? ನೀನೇ ಹೇಳು ಮಗ."

ಕೀರ್ತನಾ ಎರಡನ್ನೂ ಮುಟ್ಟಿ ನೋಡಿದಳು.

"ಹಸಿರು" ಎಂದಳು.