ಮೂರೋ ಎಂಟೋ

ಆಸಿಡ್ಡಿನ ಹನಿ ಇನ್ನೇನು ಬೀಳಬೇಕು, ಅಷ್ಟರಲ್ಲಿ ಗಡಿಯಾರ ರಿಪೇರಿಯವನ ಹೆಂಡತಿ ನಾಣ್ಯದ ಮೇಲೆ ಅಂಗೈ ಅಡ್ಡ ಹಿಡಿದಳು. ಹಳೇ ನಾಣ್ಯದ ಅಂಗಡಿಯವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. "ಅಮ್ಮಾ, ಕೈ ಸುಟ್ಟುಹೋಗುತ್ತೆ!"

ಅವಳ ಅರವತ್ತನೇ ಹುಟ್ಟುಹಬ್ಬಕ್ಕೆ ಅವಳು ಹುಟ್ಟಿದ ವರ್ಷದ ನಾಣ್ಯವನ್ನೇ ಕೊಡಬೇಕೆಂದು ಗಂಡ ಹಟ ಹಿಡಿದಿದ್ದ. ಎಷ್ಟು ಹುಡುಕಿದರೂ ಸಿಕ್ಕಿದ್ದು ಇದೊಂದೇ. ಇದರಲ್ಲೂ ವರ್ಷದ ಕೊನೆಯ ಅಂಕಿ ಸವೆದು, ಮೂರೋ ಎಂಟೋ ತಿಳಿಯುತ್ತಿರಲಿಲ್ಲ. ಅವಳ ಸರ್ಟಿಫಿಕೇಟಿನಲ್ಲಿ ಇರುವುದು ಮೂರು. ಒಂದು ಹನಿ ಬಿಟ್ಟರೆ ಅಂಕಿ ಎದ್ದು ಕಾಣುತ್ತದೆ, ಆದರೆ ಆ ಕಲೆ ಜನ್ಮದಲ್ಲಿ ಹೋಗುವುದಿಲ್ಲ ಎಂದಿದ್ದರು ಅಂಗಡಿಯವರು.

"ಬಿಡ್ರೀ, ಪಾಪ," ಎಂದಳು ಅವಳು ಗಂಡನಿಗೆ. "ನನ್ನ ವರ್ಷಕ್ಕೆ ಮಾತ್ರ ಏನು ಗ್ಯಾರಂಟಿ? ಸ್ಕೂಲಿಗೆ ಸೇರಿಸುವಾಗ ಅಪ್ಪ ತಲೆ ಕೆರ್ಕೊಂಡ್ರು, ಮೇಷ್ಟ್ರು ತೋಚಿದ್ದು ಬರ್ಕೊಂಡ್ರು. ನನಗೆ ಇದೇ ಸರಿಯಾದ ಜೋಡಿ."

ಗಂಡ ಮುಖ ಸಣ್ಣದು ಮಾಡಿಕೊಂಡ. ಕಂಡವರ ಗಡಿಯಾರಗಳನ್ನೆಲ್ಲ ಸೆಕೆಂಡಿನ ಲೆಕ್ಕದಲ್ಲಿ ಸರಿಮಾಡುತ್ತ ನಲವತ್ತು ವರ್ಷ ಕಳೆದವನಿಗೆ ಅಂದಾಜು ಎಂದರೆ ಆಗದು. ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿದ. ಅಂಕಿ ಜಪ್ಪಯ್ಯ ಅನ್ನಲಿಲ್ಲ.

ಅಂಗಡಿಯವರು ನಾಣ್ಯವನ್ನು ಪುಟ್ಟ ಲಕೋಟೆಗೆ ಹಾಕಿ, ಮೇಲೆ ವರ್ಷ ಬರೆಯಲು ಪೆನ್ನು ತೆಗೆದರು. "ಕೊನೇ ಅಂಕಿ ಏನಂತ ಬರೀಲಿ ಸಾರ್?"

ಅವನು ಹೆಂಡತಿಯನ್ನು ನೋಡಿದ. ಹನಿ ಬೀಳದಿದ್ದರೂ, ಅಡ್ಡ ಹಿಡಿದ ಅಂಗೈಯನ್ನು ಅವಳಿನ್ನೂ ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

"ಎಂಟು ಅಂತಲೇ ಬರೀರಿ," ಎಂದ. "ಅರವತ್ತಾಗೋಕೆ ಇವಳಿಗಿನ್ನೂ ಐದು ವರ್ಷ ಇದೆ."