ನೆಗ್ಲಿಜೆನ್ಸ್

ಅಮ್ಮಣ್ಣಿಯ ಹೆಬ್ಬೆರಳಿಗೆ ಆಗಲೇ ಶಾಯಿ ಹಚ್ಚಿ ಆಗಿತ್ತು. ಆದರೂ ಅವಳು ಕಾಗದವನ್ನು ತಾರಾನಾಥನ ಕಡೆಗೆ ಸರಿಸಿ, "ಪೂರಾ ಇಂಗ್ಲಿಷಿನಲ್ಲಿ ಉಂಟು. ಒಮ್ಮೆ ಓದಿ ಹೇಳಿ ಮಾಸ್ಟ್ರೇ" ಎಂದಳು.

ಹದಿನೈದು ದಿನಗಳ ಹಿಂದೆ ಕಾಪುವಿನ ಹೆದ್ದಾರಿಯಲ್ಲಿ, ಮೀನಿನ ಬುಟ್ಟಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದ ಅವಳ ಗಂಡ ವಾಸುವಿಗೆ ಲಾರಿಯೊಂದು ಹಿಂದಿನಿಂದ ಬಂದು ಹೊಡೆದಿತ್ತು. ಅವನು ಅಲ್ಲೇ ಸತ್ತ. ಬಸ್ಸಿಗೆ ಕಾಯುತ್ತಿದ್ದ ತಾರಾನಾಥ ಅದನ್ನು ಕಣ್ಣಾರೆ ಕಂಡಿದ್ದ. ಈಗ ಈ ರಾಜಿ ಕಾಗದ ತಂದಿದ್ದ ರಾಮದಾಸ ಲಾರಿ ಮಾಲಕರ ಗುಮಾಸ್ತ. ಆ ಮಾಲಕರೇ ತಾರಾನಾಥ ಕಲಿಸುವ ಶಾಲೆಯ ಸಂಚಾಲಕರು. ಅವನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ತಾರಾನಾಥ ಇಂಗ್ಲಿಷಿನಲ್ಲೇ ಮೆಲ್ಲಗೆ ಓದತೊಡಗಿದ. ಆಕ್ಸಿಡೆಂಟ್, ಕೊಲಿಷನ್, ಎಲ್ಲ ಅವನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದ ಪದಗಳೇ. ಕೊನೆಯಲ್ಲಿ, ಸೈಕಲ್ ಸವಾರ ಕುಡಿದು ಲಾರಿಗೆ ಅಡ್ಡ ಬಂದ, ನೆಗ್ಲಿಜೆನ್ಸ್ ಅವನದ್ದೇ ಎಂದಿತ್ತು.

"ಆ ಕೊನೆಯ ಶಬ್ದ, ನೆಗ್ಲಿಜೆನ್ಸ್, ಹಾಗಂದರೆ ಎಂತ?"

"ಅಜಾಗ್ರತೆ."

"ಯಾರದ್ದು?"

ತಾರಾನಾಥ ರಾಮದಾಸನ ಕಡೆಗೆ ನೋಡಿದ.

"ಹೇಳಿ ಮಾಸ್ಟ್ರೇ," ಎಂದ ರಾಮದಾಸ. "ಸೋಮವಾರ ನಿಮ್ಮ ಶಾಲೆಯ ಮೀಟಿಂಗ್ ಉಂಟು ಅಲ್ವಾ?"

"ಯಾರದ್ದೂ ಅಲ್ಲ ಅಂತ ಉಂಟು ಅಮ್ಮಣ್ಣಿ. ಆಗಿಹೋಯಿತು ಅಂತ ಬರೆದಿದ್ದಾರೆ."

ಅವಳು ನಿಟ್ಟುಸಿರು ಬಿಟ್ಟಳು. "ಹಾಗಾದರೆ ಸರಿ. ನನ್ನ ಗಂಡನದ್ದೇ ತಪ್ಪು ಅಂತ ಬರೆದಿದ್ದರೆ ನಾನು ಸಾಯುವವರೆಗೂ ಒತ್ತುತ್ತಿರಲಿಲ್ಲ. ಎಲ್ಲಿ ಒತ್ತಬೇಕು ತೋರಿಸಿ."

ತಾರಾನಾಥ ತೋರಿಸಿದ.