ಮೂರು ಗಂಟಿನ ಹಗ್ಗ

ಮಠ ಸೇರಬಯಸುವ ಹುಡುಗನ ಮನೆಗೆ ಬಂದು, ಹೆತ್ತವರ ಒಪ್ಪಿಗೆ ಕೇಳಿ ಹೋಗುವುದು ಕಪುಚಿನ್ ಎಂಬ ಕ್ರೈಸ್ತ ಸನ್ಯಾಸಿಗಳ ಪದ್ಧತಿ. ಅವತ್ತು ಬಂದ ಫಾದರ್‌ಗೆ ಮಗ ಕುರ್ಚಿ ಹಾಕಿ, ಕಾಫಿ ಕೊಟ್ಟು, ಹಾರ ಹಾಕಿದ್ದ ಅವ್ವನ ಫೋಟೋದ ಕೆಳಗೆ ನಿಂತ. ನಿಂತಲ್ಲಿ ನಿಲ್ಲಲಾಗಲಿಲ್ಲ.

ಫಾದರ್ ಬಾಯಿ ತೆರೆಯುವ ಮೊದಲೇ ಅಪ್ಪ ಶುರುಮಾಡಿದರು.

"ಅಡುಗೆ ಯಾರು ಮಾಡ್ತಾರೆ ಸ್ವಾಮಿ?"

"ಸರದಿ ಮೇಲೆ ನಾವೇ ಮಾಡ್ಕೋತೀವಿ."

"ಗಡ್ಡ ಬಿಡಲೇಬೇಕಾ?"

"ಬಿಟ್ರೆ ಒಳ್ಳೇದು. ಬಲವಂತ ಇಲ್ಲ."

"ಕಾಯಿಲೆ ಬಿದ್ರೆ?"

"ಜೊತೇಲಿರೋರು ನೋಡ್ಕೋತಾರೆ. ಯಾರನ್ನೂ ಒಂಟಿ ಬಿಡಲ್ಲ."

ಅಪ್ಪ ಈಗ ಫಾದರ್ ಸೊಂಟದ ಬಿಳಿ ಹಗ್ಗದತ್ತ ಕೈ ತೋರಿದರು. "ಅದ್ರಲ್ಲಿ ಮೂರು ಗಂಟು ಯಾಕೆ?"

"ಬಡತನ, ಬ್ರಹ್ಮಚರ್ಯ, ವಿಧೇಯತೆ. ಮೂರು ವ್ರತಕ್ಕೆ ಮೂರು ಗಂಟು."

"ಅಷ್ಟೇನಾ?" ಎಂದರು ಅಪ್ಪ.

ಮಗನ ಮುಖ ಸಪ್ಪಗಾಯಿತು. ವರ್ಷಗಟ್ಟಲೆ ಹಂಬಲಿಸಿದ್ದನ್ನು ಅಪ್ಪ ಗೇಲಿ ಮಾಡುತ್ತಿದ್ದಾರೆ, ಎಲ್ಲ ಕೆಟ್ಟಿತು ಎಂದುಕೊಂಡ. ಇನ್ನೊಂದು ಪ್ರಶ್ನೆ ಕೇಳಿದರೆ ಫಾದರ್ ಎದ್ದೇ ಹೋಗುತ್ತಾರೆ ಎನ್ನಿಸಿ ತಡೆಯಲಾರದೆ ಹೇಳಿಬಿಟ್ಟ.

"ಸಾಕು ಬಿಡಪ್ಪ. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಅವರನ್ನ ಯಾಕೆ ಹೀಗೆ ಕಾಡ್ತೀಯಾ?"

"ನೀನು ಹೋಗೋದಕ್ಕೆ ನಾನ್ಯಾವತ್ತು ಬೇಡ ಅಂದೆ ಮಗ? ಧಾರಾಳವಾಗಿ ಹೋಗು," ಎಂದ ಅಪ್ಪ, ಗೋಡೆಯ ಫೋಟೋವನ್ನೊಮ್ಮೆ ನೋಡಿ, ಕುರ್ಚಿಯನ್ನು ಫಾದರ್ ಹತ್ತಿರಕ್ಕೆ ಎಳೆದುಕೊಂಡು ತಗ್ಗಿದ ದನಿಯಲ್ಲಿ ಕೇಳಿದರು:

"ಹೆಂಡ್ತಿ ತೀರ್ಕೊಂಡೋರನ್ನೂ ಸೇರಿಸ್ಕೋತೀರಾ ಸ್ವಾಮಿ?"